ಪಾಲುಪಟ್ಟಿಯಲ್ಲಿ ಇಲ್ಲದ ಆಸ್ತಿ

ನಮ್ಮ ಮನೆಯ ಪಾಲುಪಟ್ಟಿಯಲ್ಲಿ ಎಲ್ಲವೂ ಇದೆ. ಅಡಿಕೆ ತೋಟದ ಸರ್ವೆ ನಂಬರು, ಗುಡ್ಡೆಯ ಗೇರುಮರಗಳು, ಗುಡ್ಡೆ ಕೊರೆದ ಸುರಂಗದ ನೀರು ಯಾರ ಪಾಲಿಗೆ ಯಾವ ದಿನ ಹರಿಯಬೇಕು ಎಂಬ ಲೆಕ್ಕ. ತಾಮ್ರದ ಹಂಡೆ, ಉಪ್ಪಿನಕಾಯಿ ಭರಣಿಗಳನ್ನು ಕೂಡ ಹೆಸರು ಹೇಳಿ ಬರೆಸಿದ್ದಾರೆ. ಸಣ್ಣಜ್ಜನ ಹಳೆ ದುಡ್ಡಿನ ನೋಟುಗಳು ಮಾತ್ರ ಅದರಲ್ಲಿ ಇಲ್ಲ. ಅವನ್ನು ಯಾರೂ ಆಸ್ತಿ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಣ್ಣಜ್ಜನ ಮಗಳು, ಅಂದರೆ ನಮ್ಮ ಅತ್ತೆ, ತೀರಿಕೊಂಡ ಮೇಲೆ ಅವರ ಟ್ರಂಕು ಖಾಲಿ ಮಾಡುವಾಗ ಅಣ್ಣ ಒಂದು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ನೂಕಿದ. "ನೀನೇ ಇಟ್ಟುಕೋ. ನಿನಗೆ ಇಂಥದ್ದರ ಹುಚ್ಚು ಇದೆಯಲ್ಲ" ಅಂದ. ಸ್ಟಾಂಪ್ ಪೇಪರ್ ಇಲ್ಲ, ಸಾಕ್ಷಿ ಇಲ್ಲ. ಹಾಗೆ ನನ್ನ ಪಾಲಿಗೆ ಬಂತು.

ಡಬ್ಬಿಯ ಒಳಗೆ ಒಣಗಿದ ನೆಕ್ಕಿ (ಲಕ್ಕಿ) ಸೊಪ್ಪು, ಅದರ ನಡುವೆ 14 ನೋಟುಗಳು. ಅವುಗಳಲ್ಲಿ 11 ಒಂದಕ್ಕೊಂದು ಅಂಟಿಕೊಂಡಿವೆ. ಅಂಟಿಸಿದ್ದು ಗೋಂದಿನಿಂದಲ್ಲ, ಗಾಯಕ್ಕೆ ಹಾಕುವ ಬಟ್ಟೆಯ ಪ್ಲಾಸ್ಟರಿನಿಂದ. ಸುರುಳಿ ಬಿಚ್ಚಿದರೆ ಊಟದ ಮೇಜಿನ ಈ ತುದಿಯಿಂದ ಆ ತುದಿಗೆ ಬರುತ್ತದೆ. ಎರಡೂ ಬದಿಯಲ್ಲಿ ಸಹಿಗಳು. ಶಾಯಿಯವು, ಪೆನ್ಸಿಲಿನವು, ನೇರಳೆ ಬಣ್ಣಕ್ಕೆ ತಿರುಗಿ ಹರಡಿಕೊಂಡವು. ರಾಜನ ಮುಖದ ಮೇಲೂ ಯಾರೋ ಗೀಚಿದ್ದಾರೆ.

ಸಣ್ಣಜ್ಜ ಅಂದರೆ ಅಜ್ಜನ ತಮ್ಮ. ನಮ್ಮ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಎರಡನೇ ಮಹಾಯುದ್ಧದ ಸಮಯದಲ್ಲಿ ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋಗಿ ಸೈನ್ಯ ಸೇರಿದವರು ಅವರು. ಬಂದೂಕು ಹಿಡಿಯುವ ಕೆಲಸ ಅಲ್ಲ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ವಿಭಾಗ, ಅಂದರೆ ಸೈನ್ಯಕ್ಕೆ ಅಕ್ಕಿ, ಹಿಟ್ಟು, ಪೆಟ್ರೋಲು ಮುಟ್ಟಿಸುವವರು. ಇವರು ಮೊದಲು ಗೋದಾಮಿನ ಗುಮಾಸ್ತ. ಆಮೇಲೆ ವಿಮಾನದಿಂದ ಮೂಟೆ ಕೆಳಗೆ ನೂಕುವ ತಂಡದಲ್ಲಿದ್ದರು. ಮನೆಯಲ್ಲಿ ಇದು ಒಂದೇ ಸಾಲಿನ ಕಥೆ: "ಸಣ್ಣಜ್ಜ ಬರ್ಮಾಕ್ಕೆ ಹೋಗಿ ಬಂದವರು." ಮುಂದೆ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೇಳದೇ ಇದ್ದುದಕ್ಕೆ ಕಾರಣ ಇದೆ. ಆ ಕಾಲದಲ್ಲಿ ನಮ್ಮ ಸುತ್ತಮುತ್ತ ದೊಡ್ಡವರೆಂದರೆ ಗಾಂಧಿ ದಾರಿ ಹಿಡಿದವರು. ಮಂಜೇಶ್ವರದಲ್ಲಿ ಗೋವಿಂದ ಪೈಗಳು, ಬದಿಯಡ್ಕದ ಕಡೆ ಕಯ್ಯಾರ ಕಿಞ್ಞಣ್ಣ ರೈಗಳು. ಸ್ವಾತಂತ್ರ್ಯ ಬಂದ ಮೇಲೆ ಅವರ ಬಗ್ಗೆ ಶಾಲೆಯಲ್ಲಿ ಭಾಷಣ ಆಗುತ್ತಿತ್ತು. ಆಜಾದ್ ಹಿಂದ್ ಫೌಜಿನವರಿಗೂ ಹಾರ ಬಿತ್ತು. ಇಂಗ್ಲಿಷರ ಸಂಬಳ ತಿಂದವರನ್ನು ಯಾವ ಸಾಲಿನಲ್ಲಿ ಕೂರಿಸಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಆ ಸೈನ್ಯದಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಅವರಲ್ಲಿ ಬಹಳ ಜನ ಊರಿಗೆ ವಾಪಸು ಬಂದು ಸುಮ್ಮನೆ ಕೂತರು. ಸಣ್ಣಜ್ಜನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಅವರು ಹೊರಟಾಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ಕ್ಕೆ, ಕೂತ ಜಗಲಿಯಿಂದ ಏಳದೆಯೇ ಕೇರಳದವರಾದರು. ಆಮೇಲಿನ ಮೂವತ್ತು ವರ್ಷ ನಮ್ಮ ಊರಿನಲ್ಲಿ ಜಗಳ, ಮೆರವಣಿಗೆ, ಅರ್ಜಿ ಎಲ್ಲ ಇದ್ದದ್ದು ಆ ಗಡಿಯ ಬಗ್ಗೆ. ಬರ್ಮಾ ಯಾರಿಗೆ ನೆನಪಿರುತ್ತದೆ?

ಸುರುಳಿಯ ಮೊದಲ ನೋಟಿನ ನೆತ್ತಿಯ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ "ಶಾರ್ಟ್ ಸ್ನಾರ್ಟರ್" ಎಂದು ಬರೆದಿದೆ. ಅತ್ತೆ ಅದನ್ನು ಯಾವನೋ ದೊರೆಯ ಹೆಸರು ಎಂದೇ ಕೊನೆವರೆಗೂ ನಂಬಿದ್ದರು. "ಸ್ನಾರ್ಟರ್ ದೊರೆ ಅಪ್ಪನಿಗೆ ತುಂಬ ಬೇಕಾದವನಂತೆ" ಎನ್ನುತ್ತಿದ್ದರು.

ಅದು ಒಂದು ಆಟದ ಹೆಸರು. 1920ರ ದಶಕದಲ್ಲಿ ಅಲಾಸ್ಕದ ಪೈಲಟ್‌ಗಳು ಶುರು ಮಾಡಿದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಯುದ್ಧದ ವಿಮಾನಗಳ ಜೊತೆ ಲೋಕ ಎಲ್ಲ ಸುತ್ತಿತು. ಒಂದೇ ವಿಮಾನದಲ್ಲಿ ಹೋದವರು ಒಬ್ಬರ ನೋಟಿಗೆ ಇನ್ನೊಬ್ಬರು ಸಹಿ ಹಾಕುವುದು. ಆಮೇಲೆ ಎಂದಾದರೂ, ಎಲ್ಲಾದರೂ ಭೇಟಿಯಾದಾಗ "ಎಲ್ಲಿ ನಿನ್ನ ನೋಟು?" ಎಂದು ಕೇಳಬಹುದು. ತೋರಿಸಲು ಆಗದಿದ್ದರೆ ದಂಡ: ಒಂದು ಡಾಲರ್, ಇಲ್ಲವೇ ಒಂದು ಗುಟುಕು ಮದ್ಯ. ಪೈಲಟ್‌ಗಳು ಪೂರ್ತಿ ಕುಡಿಯಬಾರದಲ್ಲ, ಅದಕ್ಕೆ ಅರ್ಧ ಗುಟುಕು. ಇಂಗ್ಲಿಷಿನ ಆಡುಮಾತಿನಲ್ಲಿ ಸ್ನಾರ್ಟ್ ಅಂದರೆ ಮದ್ಯದ ಗುಟುಕು, ಹೆಸರು ಬಂದದ್ದು ಅಲ್ಲಿಂದ. ನೋಟು ತುಂಬಿದರೆ ಇನ್ನೊಂದನ್ನು ಅಂಟಿಸುವುದು. ಹೋದ ಹೋದ ದೇಶದ ನೋಟು ಸೇರಿಸುತ್ತಾ ಗಜಗಟ್ಟಲೆ ಉದ್ದ ಮಾಡಿದವರೂ ಇದ್ದಾರೆ. ಬರೀ ಸಿಪಾಯಿಗಳ ಹುಡುಗಾಟ ಅಂತಲೂ ಅಲ್ಲ. ರೂಸ್‌ವೆಲ್ಟ್ ಅವರ ಬಲಗೈ ಆಗಿದ್ದ ಹ್ಯಾರಿ ಹಾಪ್ಕಿನ್ಸ್ 1943ರ ಜನವರಿಯಲ್ಲಿ ಕಾಸಾಬ್ಲಾಂಕಾದ ಸಭೆಗೆ ಹೋದಾಗ ಅವರ ಬಳಿಯೂ ಇಂಥದೊಂದು ನೋಟು ಇತ್ತು. ಅದರಲ್ಲಿ ರೂಸ್‌ವೆಲ್ಟ್ ಸಹಿಯೂ ಇದೆ, ಚರ್ಚಿಲ್ ಸಹಿಯೂ ಇದೆ.

ಇದು ಗೊತ್ತಾದ ಮೇಲೆ ಮನೆಯ ಒಂದು ಹಳೆ ಒಗಟು ಬಿಡಿಸಿತು. ಸಣ್ಣಜ್ಜ ಊರು ಬಿಟ್ಟು ಹೊರಗೆ ಹೋಗುವಾಗಲೆಲ್ಲ ಈ ಸುರುಳಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಂಗಳೂರಿಗೆ ಅಡಿಕೆ ಮಾರಲು, ಕಾಸರಗೋಡು ಕೋರ್ಟಿಗೆ, ನೆಂಟರ ಮದುವೆಗೆ. ಅದು ತಾಯಿತದ ಹಾಗೆ ಏನೋ ಇರಬೇಕು ಎಂದು ಮನೆಯ ಹೆಂಗಸರು ತೀರ್ಮಾನಿಸಿದ್ದರು. ಸಣ್ಣಜ್ಜ ಆಟದ ನಿಯಮ ಪಾಲಿಸುತ್ತಿದ್ದರು, ಅಷ್ಟೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಯಾವ ಅಮೆರಿಕದ ಸಾರ್ಜೆಂಟ್ ಎದುರಾಗುತ್ತಾನೆ ಎಂದು ನೀವು ಕೇಳಬಹುದು. ಆದರೂ ತಯಾರಿ ಇರಬೇಕಲ್ವಾ? ಅಂದಹಾಗೆ ಸಣ್ಣಜ್ಜ ಕಳ್ಳು ಕೂಡ ಮುಟ್ಟಿದವರಲ್ಲ. ದಂಡ ಕೊಡುವ ಪ್ರಸಂಗ ಬಂದರೆ ಕಾಫಿ ಕುಡಿಸಿ ಮುಗಿಸುತ್ತಿದ್ದರೋ ಏನೋ.

ಈಗ ನೋಟುಗಳ ವಿಷಯ. ಒಂದೊಂದಾಗಿ ಓದಲು ಕೂತರೆ ಯುದ್ಧದ ದುಡ್ಡಿನ ಚರಿತ್ರೆಯೇ ಕಾಣುತ್ತದೆ.

ಮೊದಲನೆಯದು ಆರನೇ ಜಾರ್ಜ್ ಚಿತ್ರದ ಒಂದು ರೂಪಾಯಿ. ಈ ನೋಟು ಹುಟ್ಟಿದ್ದೇ ಬೆಳ್ಳಿಯ ಕೊರತೆಯಿಂದ. ಯುದ್ಧ ಶುರುವಾದ ಮೇಲೆ ಜನ ಬೆಳ್ಳಿ ರೂಪಾಯಿಗಳನ್ನು ಮಡಕೆಯಲ್ಲಿ ಹಾಕಿ ಹೂತಿಡತೊಡಗಿದರು. ಸರಕಾರ 1940ರಲ್ಲಿ ಎರಡು ಕೆಲಸ ಮಾಡಿತು. ನಾಣ್ಯದಲ್ಲಿ ಹನ್ನೆರಡನೇ ಹನ್ನೊಂದು ಪಾಲು ಇದ್ದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಜೊತೆಗೆ ಒಂದು ರೂಪಾಯಿಯ ಕಾಗದ ಹೊರಡಿಸಿತು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಇದೇ ಕಾರಣಕ್ಕೆ ಇದೇ ಉಪಾಯ ಮಾಡಿದ್ದರು. 1943ರಲ್ಲಿ ಎರಡು ರೂಪಾಯಿಯ ನೋಟೂ ಬಂತು. ಒಂದು ರೂಪಾಯಿ ನೋಟಿಗೆ ಸಹಿ ಹಾಕುವುದು ರಿಸರ್ವ್ ಬ್ಯಾಂಕಿನ ಗವರ್ನರ್ ಅಲ್ಲ, ಹಣಕಾಸು ಕಾರ್ಯದರ್ಶಿ. ಸಣ್ಣಜ್ಜನ ನೋಟಿನಲ್ಲಿ ಸಿ. ಇ. ಜೋನ್ಸ್ ಎಂಬ ಅಚ್ಚಿನ ಸಹಿ ಇದೆ. ಅದರ ಸುತ್ತ ಪೆನ್ಸಿಲಿನ ಏಳು ಸಹಿಗಳು. ಜೋನ್ಸ್ ಸಾಹೇಬರನ್ನೂ ಆಟಕ್ಕೆ ಸೇರಿಸಿಕೊಂಡು ಯಾರೋ ಅವರ ಹೆಸರಿನ ಕೆಳಗೆ "ಗೈರುಹಾಜರು" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾನೆ.

ನಂತರ ಎರಡು ಹತ್ತು ರೂಪಾಯಿಗಳು. ಒಂದರಲ್ಲಿ ಜೇಮ್ಸ್ ಟೇಲರ್ ಸಹಿ, ಇನ್ನೊಂದರಲ್ಲಿ ಸಿ. ಡಿ. ದೇಶ್‌ಮುಖ್ ಸಹಿ. ಟೇಲರ್ 1943ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ದೇಶ್‌ಮುಖ್ ಗವರ್ನರ್ ಆದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ರಾಜನ ಚಿತ್ರ ಇರುವ ನೋಟಿನ ಮೇಲೆ ಭಾರತೀಯನ ಸಹಿ. ಆ ಹಿಂದಿನ ವರ್ಷವೇ ಕ್ವಿಟ್ ಇಂಡಿಯಾ ನಡೆದಿತ್ತು, ಗಾಂಧೀಜಿ ಇನ್ನೂ ಜೈಲಿನಲ್ಲಿದ್ದರು. ಎಲ್ಲವೂ ಒಟ್ಟಿಗೇ ನಡೆಯುತ್ತಿತ್ತು.

ಹತ್ತರ ನೋಟಿನ ಹಿಂಬದಿಯಲ್ಲಿ ಆನೆಗಳ ಚಿತ್ರ ಇದೆ. ಜೊತೆಗೆ ಬೇರೆ ಬೇರೆ ಲಿಪಿಗಳಲ್ಲಿ ನೋಟಿನ ಬೆಲೆ. ಅವುಗಳಲ್ಲಿ ಕನ್ನಡವೂ ಒಂದು. ನನ್ನ ಕಣ್ಣು ನಿಂತಿದ್ದು ಅಲ್ಲಿ. ಕನ್ನಡದ "ಹತ್ತು ರೂಪಾಯಿ" ಪಕ್ಕದಲ್ಲಿ ಪೆನ್ಸಿಲಿನ ಒಂದು ಬಾಣದ ಗುರುತು. ಸ್ವಲ್ಪ ಆಚೆ ತಮಿಳಿನ ಪಕ್ಕದಲ್ಲಿ ಇನ್ನೊಂದು ಬಾಣ, ತೆಲುಗಿನ ಪಕ್ಕದಲ್ಲಿ ಮತ್ತೊಂದು. ಪ್ರತಿ ಬಾಣದ ಬುಡದಲ್ಲಿ ಒಂದು ಇಂಗ್ಲಿಷ್ ಅಕ್ಷರ. ಕನ್ನಡದ ಬಾಣಕ್ಕೆ ಇರುವುದು ಸಣ್ಣಜ್ಜನ ಹೆಸರಿನ ಮೊದಲ ಅಕ್ಷರ. ವಿಮಾನದಲ್ಲಿ ಕೂತು ಯಾರೋ "ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿರಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ಸಾಲನ್ನು ತೋರಿಸಿರಬೇಕು. ಏಳು ಭಾಷೆಯ ಊರಿನಿಂದ ಹೋದವರಿಗೆ ಇದು ಹೊಸ ಪ್ರಶ್ನೆ ಏನಲ್ಲ. ತುಳು, ಮಲಯಾಳಂ, ಕೊಂಕಣಿ ಮೂರೂ ಸಲೀಸಾಗಿ ಬರುತ್ತಿದ್ದವು ಅವರಿಗೆ. ತೋರಿಸಿದ್ದು ಮಾತ್ರ ಕನ್ನಡವನ್ನು.

ಸಹಿ ಹಾಕಿದವರಲ್ಲಿ ಬಿಳಿಯರೇ ಜಾಸ್ತಿ ಇರಬಹುದು ಎಂದು ನೀವು ಎಣಿಸಿದರೆ, ಹಾಗಿಲ್ಲ. ಪೈಲಟ್‌ಗಳು ಬ್ರಿಟಿಷರು, ಅಮೆರಿಕನ್ನರು. ಒಬ್ಬ ತನ್ನ ಹೆಸರಿನ ಜೊತೆ ಟೆಕ್ಸಾಸ್ ಎಂದು ಬರೆದಿದ್ದಾನೆ. ಇನ್ನೊಬ್ಬ ತನ್ನ ಊರಿಗೆ ಬರಲು ರೈಲಿನ ದಾರಿಯನ್ನೇ ಬರೆದುಕೊಟ್ಟಿದ್ದಾನೆ. ಉಳಿದವು ನಮ್ಮವರ ಸಹಿಗಳು: ತಮಿಳು, ತೆಲುಗು, ಗುರುಮುಖಿ, ಬಂಗಾಳಿ. ಕೆಲವರು ಹಿಂದೂಸ್ತಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಆಗಿನ ಸೈನ್ಯದ ಪಾಠ, ಸೂಚನೆ ಎಲ್ಲ ರೋಮನ್ ಉರ್ದುವಿನಲ್ಲೇ ಇರುತ್ತಿತ್ತು. ಸಣ್ಣಜ್ಜ ಹಿಂದಿ ಕಲಿತದ್ದು ಹಾಗೆ. ಅದಕ್ಕೇ ಅವರಿಗೆ ಹಿಂದಿ ಸಿನಿಮಾದ ಮಾತು ಅರ್ಥವಾಗುತ್ತಿತ್ತು, ಪೋಸ್ಟರ್ ಓದಲು ಬರುತ್ತಿರಲಿಲ್ಲ!

ಕೆಲವು ಸಹಿಗಳ ಕೆಳಗೆ ಊರು, ತಿಂಗಳು ಇದೆ. ಕುಮಿಲ್ಲಾ, ಅಗರ್ತಲಾ, ಇಂಫಾಲ, ಎಲ್ಲ 1944. ಆ ವರ್ಷದ ಮಾರ್ಚಿನಲ್ಲಿ ಜಪಾನಿನ ಸೈನ್ಯ ಗಡಿ ದಾಟಿ ಬಂದು ಇಂಫಾಲದ ದಾರಿಯನ್ನು ಕಡಿದುಹಾಕಿತು. ಜೂನ್ 22ಕ್ಕೆ ರಸ್ತೆ ತೆರೆಯುವವರೆಗೆ ಒಳಗಿದ್ದವರಿಗೆ ಬಂದದ್ದೆಲ್ಲ ಆಕಾಶದಿಂದಲೇ. ಡಕೋಟಾ ವಿಮಾನದ ಬಾಗಿಲು ತೆಗೆದು, ಎರಡೂವರೆ ಟನ್ ಆಸುಪಾಸು ಸಾಮಾನು ತುಂಬಿ, ಕಣಿವೆಯ ಮೇಲೆ ಸುತ್ತು ಹೊಡೆಯುತ್ತಾ ಒಂದೊಂದೇ ಮೂಟೆ ಹೊರಗೆ ತಳ್ಳಬೇಕು. ಮದ್ದುಗುಂಡಿಗೆ ಪ್ಯಾರಾಚೂಟ್. ಅಕ್ಕಿಗೆ, ಹಿಟ್ಟಿಗೆ ಅದೂ ಇಲ್ಲ. ಗೋಣಿಯ ಒಳಗೆ ಗೋಣಿ ಹಾಕಿ ಹೊಲಿದು ಹಾಗೇ ಬಿಡುವುದು. ಒಳಗಿನ ಗೋಣಿ ಒಡೆದರೂ ಹೊರಗಿನದು ತಡೆಯಬೇಕು. ಪ್ಯಾರಾಚೂಟಿನ ಬಟ್ಟೆಗೆ ಬರ ಬಂದಾಗ ಕಲ್ಕತ್ತೆಯ ಗಿರಣಿಗಳಲ್ಲಿ ಸೆಣಬಿನಲ್ಲೇ ಪ್ಯಾರಾಚೂಟ್ ನೇಯಿಸಿದರು. ಬೆಲೆ ಬಹಳ ಕಡಿಮೆ, ಕೆಲಸ ಚೆನ್ನಾಗಿಯೇ ಆಯಿತು. ಸಣ್ಣಜ್ಜ ಇದನ್ನೆಲ್ಲ ಹೇಳಲಿಲ್ಲ ಎಂದೆನಲ್ಲ. ಒಂದು ಸುಳಿವು ಮಾತ್ರ ಇತ್ತು. ಅಡಿಕೆ ತುಂಬುವಾಗ ಯಾರಾದರೂ ಒಂದೇ ಗೋಣಿಗೆ ಬಿಗಿಯಾಗಿ ತುಂಬಿದರೆ ಬೈಯುತ್ತಿದ್ದರಂತೆ. "ಸಡಿಲ ಬಿಡು, ಬಿದ್ದಾಗ ಒಡೆಯುತ್ತದೆ." ಅಟ್ಟದಿಂದ ಬಿದ್ದರೆ ಎಷ್ಟು ಎತ್ತರ ಬಿದ್ದೀತು ಮಹಾರಾಯರೇ ಎಂದು ಕೆಲಸದವರು ನಗುತ್ತಿದ್ದರು.

1951ರ ಕ್ರಿಸ್‌ಮಸ್ ದಿನ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಶುರುವಾಯಿತು. ನೆಹರೂ ಬಂದು ಇಳಿದರು, ಡಕೋಟಾದಲ್ಲೇ. ಸಣ್ಣಜ್ಜ ನೋಡಲು ಹೋಗಿದ್ದರಂತೆ. ನೆಹರೂ ಹೇಗಿದ್ದರು ಎಂದು ಮನೆಯವರು ಕೇಳಿದರೆ "ಬಾಗಿಲು ಹಾಕಿದ್ದರು" ಅಂದರಂತೆ. ವಿಮಾನದ ಬಗ್ಗೆ ಹೇಳಿದ್ದು.

ಸುರುಳಿಯ ಕೊನೆಯ ಕಡೆ ಪರದೇಶದ ನೋಟುಗಳು. ಸನ್ ಯಾತ್ ಸೆನ್ ಚಿತ್ರ ಇರುವ ಚೀನಾದ ನೋಟು ಒಂದಿದೆ. ಅಸ್ಸಾಮಿನಿಂದ ಹಿಮಾಲಯ ದಾಟಿ ಕುನ್ಮಿಂಗ್‌ಗೆ ಹಾರುತ್ತಿದ್ದ ಅಮೆರಿಕನ್ನರಿಂದ ಬಂದಿರಬೇಕು. ಜಪಾನಿನವರು ಬರ್ಮಾಕ್ಕೆಂದು ಅಚ್ಚು ಹಾಕಿದ ರೂಪಾಯಿಗಳು ನಾಲ್ಕು. ಅವುಗಳಿಗೆ ನಂಬರೇ ಇಲ್ಲ. ಬರ್ಮಾದ ಗುರುತಿಗೆ ಇಂಗ್ಲಿಷಿನ ಬಿ, ಪಕ್ಕದಲ್ಲಿ ಇನ್ನೊಂದು ಅಕ್ಷರ, ಅಷ್ಟೇ. "ಜಪಾನ್ ಸರಕಾರ" ಎಂದು ಇಂಗ್ಲಿಷಿನಲ್ಲೇ ಬರೆದಿದ್ದಾರೆ. ನಂಬರು ಇಲ್ಲದ ದುಡ್ಡಿಗೆ ಲೆಕ್ಕ ಎಲ್ಲಿಂದ ಬರಬೇಕು? ಬೇಕಾದಷ್ಟು ಅಚ್ಚು ಹಾಕಿದರು. 1945ರಲ್ಲಿ ಜಪಾನ್ ಸೋತ ಮೇಲೆ ಅದು ಬರೀ ಕಾಗದ. ಕೊನೆಯದು ನಮ್ಮದೇ ಒಂದು ರೂಪಾಯಿ ನೋಟು. ಅದರ ಮೇಲೆ ಕೆಂಪು ಅಚ್ಚಿನಲ್ಲಿ ಬರ್ಮಾದ ಮಿಲಿಟರಿ ಆಡಳಿತದ ಮುದ್ರೆ, ಬರ್ಮಾದಲ್ಲಿ ಮಾತ್ರ ನಡೆಯುತ್ತದೆ ಎಂಬ ಷರಾ. ವಾಪಸು ತಂದರೆ ಕುಂಬಳೆಯಲ್ಲಿ ಒಂದು ಚಾ ಕೂಡ ಸಿಗದ ದುಡ್ಡು. ಅದಕ್ಕೇ ಉಳಿಯಿತು ಎಂದು ಕಾಣುತ್ತದೆ.

ಇವುಗಳ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹಳೆ ನಾಣ್ಯ, ನೋಟಿನ ವ್ಯಾಪಾರಿ ಒಬ್ಬರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು. "ಎಲ್ಲ ಗೀಚಿ ಹಾಳು ಮಾಡಿದ್ದಾರೆ. ಕ್ಲೀನ್ ಇದ್ದಿದ್ದರೆ ಒಳ್ಳೆ ರೇಟ್ ಸಿಗುತ್ತಿತ್ತು" ಅಂದರು. ಜಪಾನಿನ ನೋಟುಗಳನ್ನು ಮುಟ್ಟಿಯೂ ನೋಡಲಿಲ್ಲ. ಅವು ಸಿಪಾಯಿಗಳ ಮೂಲಕ ಲೋಕದ ಎಲ್ಲ ಕಡೆ ಹರಡಿವೆ, ಬೆಲೆ ಇಲ್ಲ. ಅವರ ಲೆಕ್ಕ ಅವರಿಗೆ ಸರಿ. ನೋಟು ಸಂಗ್ರಹಿಸುವವನಿಗೆ ಮಡಿಕೆ ಕೂಡ ಇಲ್ಲದ ಕಾಗದ ಬೇಕು, ಅಂದರೆ ಯಾರ ಕೈಗೂ ಹೋಗದೇ ಉಳಿದ ದುಡ್ಡು. ನನ್ನ ಬಳಿ ಇರುವುದು ಕೈಯಿಂದ ಕೈಗೆ ಹೋದದ್ದು ಮಾತ್ರ. ಇನ್ನೊಬ್ಬ ಆಸಾಮಿ ಫೋನಿನಲ್ಲಿ ಲಕ್ಷಗಟ್ಟಲೆ ಕೊಡುತ್ತೇನೆ, ಮೊದಲು ಫೀಸು ಕಳಿಸಿ ಎಂದ. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಫೋನ್ ಇಟ್ಟೆ.

ಕಾಪಾಡುವುದೇ ದೊಡ್ಡ ತಲೆನೋವು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಊರು ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಆ ನೇರಳೆ ಸಹಿಗಳು ಮೂಲದಲ್ಲಿ ನೇರಳೆ ಅಲ್ಲ. ಆಗ ಸೈನ್ಯದ ಕಚೇರಿಗಳಲ್ಲಿ ಕಾಪಿಯಿಂಗ್ ಪೆನ್ಸಿಲ್ ಎಂದು ಇರುತ್ತಿತ್ತು. ಒಣಗಿದ್ದಾಗ ಬೂದು, ತೇವ ತಗುಲಿದರೆ ನೇರಳೆ. ಬರ್ಮಾದ ಮಳೆಯೂ ಕಾಸರಗೋಡಿನ ಮಳೆಯೂ ಸೇರಿ ಬಣ್ಣ ಬರಿಸಿವೆ. ಅತ್ತೆ ನೆಕ್ಕಿ ಸೊಪ್ಪು ಹಾಕಿ ಒರಲೆ, ಹುಳ ಬರದ ಹಾಗೆ ನೋಡಿಕೊಂಡಿದ್ದರು. ಬಿಸಿಲಿಗೆ ಹಾಕದೇ ಇದ್ದದ್ದೂ ಒಳ್ಳೆಯದಾಯಿತು, ಬೆಳಕಿಗೆ ಶಾಯಿ ಮಾಸುತ್ತದೆ. ನಾನು ಈಗ ಆಮ್ಲ ಇಲ್ಲದ ಕಾಗದದ ನಡುವೆ ಸಡಿಲವಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೇನೆ. ಲ್ಯಾಮಿನೇಶನ್ ಮಾಡಿಸು ಎಂದವರು ಬಹಳ ಜನ. ಅವರ ಮಾತು ಕೇಳಬೇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಕವರಿನಲ್ಲೂ ಹಾಕಬೇಡಿ, ಅದು ಕಾಲಕ್ರಮೇಣ ಅಂಟು ಬಿಟ್ಟು ಕಾಗದವನ್ನು ತಿನ್ನುತ್ತದೆ. ಹಳೆ ಪ್ಲಾಸ್ಟರ್ ಕಿತ್ತರೆ ಕೆಳಗಿನ ಸಹಿಯೂ ಬರುತ್ತದೆ. ಹಾಗೇ ಬಿಡಿ.

ಮುಂಬೈಯಲ್ಲಿರುವ ಚಿಕ್ಕಪ್ಪನ ಮಗನಿಗೆ ಈಗ ಆಸೆ ಹುಟ್ಟಿದೆ. "ಎಲ್ಲರಿಗೂ ಎರಡೆರಡು ನೋಟು ಹಂಚೋಣ, ಸಣ್ಣಜ್ಜ ಎಲ್ಲರಿಗೂ ಸೇರಿದವರಲ್ವಾ" ಎನ್ನುತ್ತಾನೆ. ನ್ಯಾಯವೇ. ಸುರಂಗದ ನೀರನ್ನೇ ವಾರದ ಲೆಕ್ಕದಲ್ಲಿ ಹಂಚಿದ ಮನೆ ನಮ್ಮದು. ಆದರೆ ಕೆಲವು ಸಹಿಗಳು ಎರಡು ನೋಟಿನ ಮೇಲೆ ಹಾದು ಹೋಗಿವೆ. ಹೆಸರು ಒಂದರಲ್ಲಿ, ಊರು ಇನ್ನೊಂದರಲ್ಲಿ. ಕತ್ತರಿ ಹಾಕಿದರೆ ಟೆಕ್ಸಾಸಿನವನ ತಲೆ ಮುಂಬೈಗೆ, ಕಾಲು ಬದಿಯಡ್ಕಕ್ಕೆ. ಆಗುವುದಿಲ್ಲ ಎಂದು ಹೇಳಿದೆ. ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸಿದ್ದೇನೆ. ಬಿಡಿಯಾಗಿದ್ದ ಮೂರರಲ್ಲಿ ಒಂದನ್ನು ಅವನು ತೆಗೆದುಕೊಂಡು ಹೋದ, ಸಹಿ ಇಲ್ಲದ್ದು, ಜಪಾನಿನದು.

ಸ್ಕ್ಯಾನ್ ಮಾಡುವಾಗ ಹೆಸರುಗಳನ್ನೆಲ್ಲ ಪಟ್ಟಿ ಮಾಡಿದೆ. ಓದಲು ಬರುವುದು ಅರವತ್ತರ ಹತ್ತಿರ. ಅದರಲ್ಲಿ ಸಣ್ಣಜ್ಜನ ಹೆಸರಿಲ್ಲ. ಆ ಬಾಣದ ಬುಡದ ಒಂದಕ್ಷರ ಬಿಟ್ಟರೆ ಏನೂ ಇಲ್ಲ. ಮೊದಲು ಬೇಜಾರಾಯಿತು. ಆಮೇಲೆ ಆಟದ ನಿಯಮ ನೋಡಿದರೆ, ಇರಬೇಕಾದ್ದೇ ಹಾಗೆ. ನಿಮ್ಮ ನೋಟಿಗೆ ಬೇರೆಯವರು ಸಹಿ ಹಾಕುತ್ತಾರೆ, ನೀವು ಅವರದಕ್ಕೆ ಹಾಕುತ್ತೀರಿ. ನಮ್ಮ ಮನೆಯ ಟ್ರಂಕಿನಲ್ಲಿ ಇದ್ದದ್ದು ಸಣ್ಣಜ್ಜ ಒಬ್ಬರನ್ನು ಬಿಟ್ಟು ಉಳಿದವರೆಲ್ಲ. ಅವರು ಇರುವುದು ಬೇರೆಯವರ ಮನೆಗಳಲ್ಲಿ. ಟೆಕ್ಸಾಸಿನ ಯಾವುದೋ ಅಟ್ಟದಲ್ಲಿ, ಇಂಗ್ಲೆಂಡಿನ ಯಾವುದೋ ಮೇಜಿನ ಖಾನೆಯಲ್ಲಿ, ತಂಜಾವೂರಿನಲ್ಲೋ ಜಲಂಧರಿನಲ್ಲೋ ಯಾವುದೋ ಮೊಮ್ಮಗಳ ಬಳಿ. ಮೂವತ್ತು ನೋಟಾದರೂ ಇರಬೇಕು, ಉಳಿದಿದ್ದರೆ. ನಮಗೆ ಸಿಕ್ಕಿದ ಆಸ್ತಿ ಅರ್ಧ ಮಾತ್ರ. ಇನ್ನರ್ಧದ ಪಾಲುಪಟ್ಟಿ ಯಾರ ಬಳಿ ಇದೆಯೋ.

ಅವರು ಸಹಿ ಹೇಗೆ ಹಾಕುತ್ತಿದ್ದರು ಎಂದು ನನಗೆ ಗೊತ್ತಿದೆ. ಅಡಿಕೆ ಸೊಸೈಟಿಯ ರಸೀದಿಗಳಲ್ಲಿ, ಅತ್ತೆಯ ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ಇದೆ. ಮನೆತನದ ಅಕ್ಷರ ಇಂಗ್ಲಿಷಿನಲ್ಲಿ, ಹೆಸರು ಕನ್ನಡದಲ್ಲಿ, ಕೊನೆಯ ಒತ್ತಕ್ಷರದ ಬಾಲ ಎಳೆದು ಹೆಸರಿನ ಕೆಳಗೆ ಗೆರೆ. ಅಮೆರಿಕದ ಕುಟುಂಬಗಳು ತಮ್ಮ ಅಜ್ಜಂದಿರ ಇಂಥ ನೋಟುಗಳ ಫೋಟೋ ಹಾಕುತ್ತಿರುತ್ತಾರೆ. ಊಟ ಆದ ಮೇಲೆ ಕೂತು ಅವನ್ನು ದೊಡ್ಡದು ಮಾಡಿ ನೋಡುತ್ತೇನೆ. ಕನ್ನಡ ಅಕ್ಷರ ಗೊತ್ತಿಲ್ಲದವರಿಗೆ ಅದು ಸುಮ್ನೆ ಸುರುಳಿ ಗೀಟು ಎಂದು ಕಾಣಬಹುದು. ಯಾರೂ ಅದನ್ನು ಹೆಸರು ಎಂದು ಬರೆದುಕೊಂಡಿರುವುದಿಲ್ಲ.

ತಂಗಿಯ ಮಗ ಅಮೆರಿಕದಲ್ಲೇ ಇದ್ದಾನೆ. ಅವನ ಊರಲ್ಲಿ ಭಾನುವಾರ ಹಳೆ ಸಾಮಾನಿನ ಸಂತೆ ನಡೆಯುತ್ತದಂತೆ. ಸಣ್ಣಜ್ಜನ ಸಹಿಯ ಫೋಟೋ ಅವನಿಗೂ ಕಳಿಸಿದ್ದೇನೆ. "ಅಕಸ್ಮಾತ್ ಸಿಕ್ಕಿದರೆ ಎಷ್ಟು ಕೊಡಲಿ?" ಎಂದು ಕೇಳಿದ. ನೋಟು ಮನೆ ಬಿಟ್ಟು ಸಂತೆಗೆ ಬಂದಿದ್ದರೆ ನಿಯಮದ ಪ್ರಕಾರ ಅವರೇ ನಮಗೆ ಒಂದು ಡಾಲರ್ ಕೊಡಬೇಕು, ಅದನ್ನು ಕಳೆದು ಚೌಕಾಸಿ ಮಾಡು ಅಂದಿದ್ದೇನೆ.